ಇಮಾಮಸಾಬರ ಸೈಕಲ್ಲು ಮತ್ತು ನರಗುಂದದ ಅನಾಲಿಸ್ಟು

ಮದುವೆಯ ಬಯೋಡಾಟಾದಲ್ಲಿ ಸ್ವಲ್ಪ ಹೆಚ್ಚಿಗೆ ಬರೆದುಕೊಂಡರೆ ಯಾರ ಗಂಟೂ ಹೋಗುವುದಿಲ್ಲ ಎಂದು ನಂಬಿದವರು ನಮ್ಮ ಓಣಿಗೆ ಬಂದು ವಿಚಾರಿಸಬೇಕು. ನರಗುಂದದ ಪ್ರಬುದ್ಧ ಹೆಚ್ಚಿಗೆ ಬರೆದದ್ದು ಎರಡೇ ಶಬ್ದ, ‘ಸಿಸ್ಟಮ್ ಅನಾಲಿಸ್ಟ್’. ಆ ಎರಡು ಶಬ್ದಕ್ಕೆ ಗಜೇಂದ್ರಗಡದ ಕುಂಟಬೇವಿನ ಓಣಿಯ ನೂರಾ ಹನ್ನೆರಡು ಮನೆಗಳು ಹದಿನೈದು ದಿನ ಕೊಡ ಹಿಡಿದುಕೊಂಡು ಅಲೆದವು.

ಹುಡುಗ ಕೆಟ್ಟವನಲ್ಲ. ನರಗುಂದದ ಬಸ್‌ಸ್ಟ್ಯಾಂಡಿನ ಬಾಜೂ ಅವನದೊಂದು ಅಂಗಡಿ ಇದೆ. ಝೆರಾಕ್ಸ್ ತೆಗೆಯುತ್ತಾನೆ, ಪಹಣಿ ತೆಗೆದುಕೊಡುತ್ತಾನೆ, ಆನ್‌ಲೈನ್ ಅರ್ಜಿ ತುಂಬುತ್ತಾನೆ, ಮೊಬೈಲಿಗೆ ಗಾಜು ಅಂಟಿಸುತ್ತಾನೆ. ಗಾಜಿನ ಕೆಳಗೆ ಒಂದು ಗುಳ್ಳೆಯೂ ಉಳಿಯದಂತೆ ಅಂಟಿಸುತ್ತಾನೆ ಎಂದು ಹೆಸರಿದೆ. ಆದರೆ ಅವನ ಸೋದರತ್ತೆ ಗೌರವ್ವ ನಮ್ಮ ಓಣಿಯವಳು. ಆಕೆ, “ಝೆರಾಕ್ಸ್ ಅಂತ ಬರದರ ಅಂದಾನೆಪ್ಪ ಮಗಳನ್ನ ಕೊಡ್ತಾನೇನೋ? ದೊಡ್ಡ ಮನಿ ಅದು. ಕೇಳಿದರ ತಿಳೀಲಾರದಂಥಾದ ಒಂದ ಬರಿ” ಎಂದಳು. ಅವನು ಬರೆದ. ಕೇಳಿದರೆ ಅವನಿಗೂ ತಿಳಿಯುವಂಥದ್ದಾಗಿರಲಿಲ್ಲ.

ಕನ್ಯೆ ನೋಡುವ ದಿನ, ದೊಡ್ಡವರೊಬ್ಬರು ಜೊತೆಗಿರಲಿ ಎಂದು ಗೌರವ್ವ ನನ್ನನ್ನೂ ಎಳೆದೊಯ್ದಳು. ಬೇವಿನ ಗಿಡದ ಎದುರಿಗಿರುವ ಹಿಟ್ಟಿನ ಗಿರಣಿ ನನ್ನದು. ಅವತ್ತು ಕರೆಂಟು ಇರಲಿಲ್ಲ, ಹೋದೆ.

ಅಂದಾನೆಪ್ಪ ಉಳ್ಳಾಗಡ್ಡಿ ವ್ಯಾಪಾರಿ. ನಮ್ಮ ಓಣಿಯ ನೀರಿನ ಕಮಿಟಿಗೆ ಅಧ್ಯಕ್ಷ. ಬಯೋಡಾಟಾವನ್ನು ತೋಳುದ್ದ ದೂರ ಹಿಡಿದು ಓದಿ ಕೇಳಿದ:

“ಈ ಸಿಸ್ಟಮ್ ಅನಾಲಿಸ್ಟ್ ಅಂದರ ಏನ್ ಮಾಡೂದ್ರಿ?”

ಪ್ರಬುದ್ಧನ ಬಾಯಿತುಂಬ ಶಿರಾ ಇತ್ತು. ನುಂಗಿ ಹೇಳಿದ: “ಹಳೇ ವ್ಯವಸ್ಥಾ ಒಂದ ಇರತೈತಲ್ರಿ, ಅದನ್ನ ಅಭ್ಯಾಸ ಮಾಡೂದು, ತಗಿಯೂದು, ಅದರ ಜಾಗಾದಾಗ ಹೊಸಾದ ಕೂಡಸೂದ್ರಿ.”

“ಎಂಥಾ ವ್ಯವಸ್ಥಾ?”

“ಯಾವುದಿದ್ರೂ ನಡೀತೈತ್ರಿ.”

ಈ ಕೊನೆಯ ಮಾತನ್ನು ಅವನು ಆಡಬಾರದಿತ್ತು. ಅಂದಾನೆಪ್ಪ ಕುರ್ಚಿಯ ತುದಿಗೆ ಬಂದು ಕೂತ.

“ಚಲೋ ಆತು. ನಮ್ಮ ಓಣ್ಯಾಗ ನೀರ ಯಾವಾಗ ಬರತೈತಿ ಅನ್ನೂ ಸುದ್ದಿಗೆ ಒಂದ ವ್ಯವಸ್ಥಾನ ಇಲ್ರಿ. ನಾ ಅಧ್ಯಕ್ಷ. ಊರ ಮಂದಿ ಮನ್ಯಾಗ ಡ್ರಮ್ಮ ತುಂಬಿ ಚೆಲ್ಲಾಕತ್ತಿರತಾವ, ಅಧ್ಯಕ್ಷನ ಮನ್ಯಾಗ ನೀರ ಬಂದ ಹೋಗಿದ್ದ ಸುದ್ದಿನ ಇರಂಗಿಲ್ಲ. ಎರಡ ವರ್ಷ ಆತು.”

ಅಡಿಗೆಮನೆಯ ಬಾಗಿಲಿಂದ ಅವನ ಹೆಂಡತಿ ಕಳಕವ್ವನ ದನಿ ಬಂತು: “ಬೇವಿನ ಗಿಡ ಕಾಣಂಗಿಲ್ಲ, ಬೇವಿನ ಗಿಡ ಕಾಣಂಗಿಲ್ಲ ಅಂತ ಎರಡ ವರ್ಷದಿಂದ ನಾನೂ ಬಡಕೊಳ್ಳಾಕತ್ತೇನಿ.”

“ತಂದ ಹಚ್ಚೇನಲ್ಲ!” ಎಂದು ಅಂದಾನೆಪ್ಪ ಅಂಗಳದ ಕಡೆಗೆ ಕೈಮಾಡಿದ. ಅಲ್ಲಿ ಸಿಮೆಂಟಿನ ಕುಂಡದಲ್ಲಿ ಆರು ಎಲೆಯ ಒಂದು ಬೇವಿನ ಸಸಿ ನಿಂತಿತ್ತು. ಅದರ ಹಿಂದೆ, ಎರಡು ವರ್ಷದ ಹಿಂದೆ ಕಟ್ಟಿಸಿದ ಎಂಟು ಫೂಟಿನ ಕಾಂಪೌಂಡ್ ಗೋಡೆ. ಅಷ್ಟೆತ್ತರದ ಗೋಡೆ ನಮ್ಮ ಓಣಿಯಲ್ಲಿ ಇನ್ನೊಂದಿಲ್ಲ. ಅಂದಾನೆಪ್ಪನಿಗೆ ಆ ಗೋಡೆಯ ಮೇಲೆ ಮಗಳಿಗಿಂತ ಒಂದು ತೂಕ ಹೆಚ್ಚೇ ಪ್ರೀತಿ.

ಕನ್ಯೆ ಶ್ವೇತಾ ಚಹಾದ ಟ್ರೇ ಹಿಡಿದು ಬಂದಳು. ರೋಣದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಪ್ರಬುದ್ಧ ಆಕೆಯನ್ನು ನೋಡಿದ, ಕಪ್ಪಿನ ಬದಲು ಸಕ್ಕರೆ ಡಬ್ಬಿ ಎತ್ತಿ ಬಾಯಿಗೆ ಹಿಡಿದ. ಆಕೆ ನಕ್ಕಳು. ನನಗೆ ಆಗಲೇ ಗೊತ್ತಾಯಿತು, ಇವನು ಇನ್ನು ಹಿಂದೆ ಸರಿಯುವುದಿಲ್ಲ.

“ಹದಿನೈದ ದಿನಾ ಕೊಡತೇನಿ. ನೀರ ಬರೂ ಸುದ್ದಿ ನಮ್ಮ ಮನಿಗೆ ನಿಮ್ಮ ಕಂಪ್ಯೂಟರ ಹೇಳಬೇಕು. ಹೇಳಿದರ ಮರುದಿನಾನ ಬಾಯಾಗ ಸಕ್ರಿ ಹಾಕಿ ಮದವಿ ನಿಕ್ಕಿ ಮಾಡತೇವಿ. ಇಲ್ಲಂದರ ಕೂಡಿ ಚಹಾ ಕುಡದೇವಿ, ಸಂತೋಷ” ಎಂದ ಅಂದಾನೆಪ್ಪ.

ಪ್ರಬುದ್ಧ ಅಂಗಡಿಗೆ ಬೀಗ ಹಾಕಿ, ಮೋಟರ್‌ಸೈಕಲ್ಲು, ಎರಡು ಹೆಲ್ಮೆಟ್ಟು, ಒಂದು ದಪ್ಪ ನೋಟ್‌ಬುಕ್ಕು ತಂದು ಗೌರವ್ವನ ಮನೆಯಲ್ಲಿ ಠಿಕಾಣಿ ಹೂಡಿದ. ರಾತ್ರಿಯೆಲ್ಲ ಮೊಬೈಲಿನಲ್ಲಿ ಪಾಠ ಕೇಳಿದನಂತೆ. ಮುಂಜಾನೆ ಗಿರಣಿಗೆ ಬಂದು ನನಗೆ ನೋಟ್‌ಬುಕ್ಕಿನ ಮೊದಲ ಪುಟ ತೋರಿಸಿದ. ಹಳೆಯ ವ್ಯವಸ್ಥೆಯನ್ನು ಬದಲಿಸಲು ದಾರಿ ಮೂರಿವೆ. ಇದ್ದದ್ದನ್ನು ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಸುವುದು ಒಂದು. ಅಲ್ಲಲ್ಲಿ ರಿಪೇರಿ ಮಾಡುವುದು ಇನ್ನೊಂದು. ಬುಡಸಮೇತ ಕಿತ್ತು ಹೊಸದು ನಿಲ್ಲಿಸುವುದು ಮೂರನೆಯದು. ಯಾವ ದಾರಿ ಹಿಡಿಯಬೇಕೆಂದು ತಿಳಿಯಲು ಮೊದಲು ಜನರನ್ನು ಕೇಳಬೇಕು.

“ಯಾವ ದಾರಿ ಚಲೋರಿ, ಕಾಕಾ?”

“ಮದಲ ಯಾವ ಊರಿಗೆ ಹೊಂಟೀ ಅಂತ ನೋಡಕೋ ತಮ್ಮಾ” ಎಂದೆ. ಅದನ್ನೂ ಬರೆದುಕೊಂಡ.

ನಮ್ಮ ನೀರಿನ ವಿಷಯ ಇಷ್ಟೇ. ಗುಡ್ಡದ ಬುಡದಲ್ಲಿ ಓಣಿಯದೇ ಒಂದು ಬೋರು, ಒಂದು ಟಾಕಿ. ಅಲ್ಲಿಂದ ಮೂರು ಸಾಲಿಗೆ ಪೈಪು: ಗಿರಣಿ ಸಾಲು, ಮ್ಯಾಲಿನ ಸಾಲು, ಕೆಳಗಿನ ಸಾಲು. ಕರೆಂಟು ಇದ್ದಾಗ ಟಾಕಿ ತುಂಬುತ್ತದೆ, ತುಂಬಿದಾಗ ಒಂದು ಸಾಲಿಗೆ ನೀರು ಬಿಡುತ್ತಾರೆ. ವಾರವಿಲ್ಲ, ವೇಳೆಯಿಲ್ಲ. ಬಿಡುವವರು ಇಮಾಮಸಾಬರು. ಮೂವತ್ತೊಂದು ವರ್ಷದಿಂದ ಕಬ್ಬಿಣದ ವಾಲ್ ಚಾವಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ತಿರುಗುತ್ತಾರೆ.

ಪ್ರಬುದ್ಧ ನಲವತ್ತೊಂದು ಪ್ರಶ್ನೆಯ ಫಾರ್ಮು ಹಿಡಿದು ಹೊರಟ. ಬೇವಿನ ಕಟ್ಟೆಯ ಮೇಲೆ ಹುರಿಗಡಲೆ ಮಾರುವ ಗಾಳೆವ್ವನಿಂದ ಶುರು.

“ಅಮ್ಮಾ, ನೀರು ಬರೂದು ನಿಮಗ ಹ್ಯಾಂಗ ಗೊತ್ತಾಕೈತ್ರಿ?”

“ಗೊತ್ತಾಕೈತಿ.”

“ಅದ, ಹ್ಯಾಂಗ?”

“ಹ್ಯಾಂಗಂದರ? ನಿನಗ ಹಸಿವಾದದ್ದು ಹ್ಯಾಂಗ ಗೊತ್ತಾಕೈತೋ?”

‘ಒಳಗಿನಿಂದ ತಿಳಿಯುತ್ತದೆ’ ಎಂದು ಬರೆದುಕೊಂಡ.

ಇಮಾಮಸಾಬರು ಎದೆ ಸೆಟೆಸಿ ಹೇಳಿದರು: “ನಾ ಒದರತೇನ್ರಿ! ನಾ ಒಮ್ಮೆ ಒದರಿದರ ಗುಡ್ಡದ ಮ್ಯಾಲಿನ ದನಾನೂ ಕೊಡಾ ತಗೊಂಡ ಬರಬೇಕು.” ಇದನ್ನು ಕೇಳಿಸಿಕೊಳ್ಳಲು ಪ್ರಬುದ್ಧ ತನ್ನ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಯಿತು. ಅವರ ಗಂಟಲು ಹೋಗಿ ಹನ್ನೆರಡು ವರ್ಷವಾಗಿದೆ. ಅವರಿಗೊಬ್ಬರಿಗೆ ಗೊತ್ತಿಲ್ಲ.

“ಇವರ ಒದರೂದು ಬಾಜೂ ಕುಂತ ನನಗ ಕೇಳಂಗಿಲ್ಲ” ಎಂದಳು ಅವರ ಹೆಂಡತಿ ಕಾಶೀಂಬಿ, ಅವರು ಅತ್ತ ಹೋದ ಮೇಲೆ. “ಸುದ್ದಿ ಹೇಳಾಕಿ ನಾನು. ರಾಜಮಾಗ ಹೇಳತೇನಿ, ಆಕಿ ಓಣಿಗೆಲ್ಲಾ ಹೇಳತಾಳ.”

ಗಿರಣಿ ಸಾಲಿನ ರಾಜಮಾ ಸೆರಗು ಬಿಗಿದಳು. “ಕಾಶೀಂಬಿ ಹೇಳೂಮಟಾ ಕುಂತರ ನಮ್ಮ ಹಂಡೇದಾಗ ಜ್ಯಾಡ ಕಟ್ಟತೈತಿ! ಆಕಿ ಬರೂದರಾಗ ನಾ ನಾಕ ಕೊಡಾ ತುಂಬಿರತೇನಿ. ಬೇಕಾದರ ಬರಕೋ.”

ಬರೆದುಕೊಂಡ. ಕಳಕವ್ವನನ್ನು ಕೇಳಿದಾಗ ಆಕೆ ಬೇವಿನ ಗಿಡ ಕಾಣುವುದಿಲ್ಲ ಎಂದೇ ಹೇಳಿದಳು. ಮುಂದೆ ಅತ್ತೆಯಾಗುವವಳು ಎಂಬ ಗೌರವದಿಂದ, ‘ಈ ಮನೆಯಲ್ಲಿ ಗಿಡಮರಗಳ ಮೇಲೆ ಪ್ರೀತಿ ಬಹಳ’ ಎಂದು ಬರೆದು ಎರಡು ಗೆರೆ ಎಳೆದ.

ನನ್ನನ್ನೂ ಕೇಳಿದ. ಮೆಣಸಿನಕಾಯಿ ಬೀಸುತ್ತಿದ್ದೆ, ಮೂಗಿಗೆ ವಸ್ತ್ರ ಕಟ್ಟಿದ್ದೆ. ಅವನು ಕೇಳಿದ್ದು ಹದಿನೇಳನೆಯ ಪ್ರಶ್ನೆ: ‘ಸದರಿ ಮಾಹಿತಿಯ ಗುಣಮಟ್ಟದ ಬಗ್ಗೆ ನಿಮ್ಮ ತೃಪ್ತಿ ಎಷ್ಟು?’ ನಾನು “ಸಣ್ಣಗ ಬೀಸಲೇನು, ದಪ್ಪಗೋ?” ಎಂದೆ. ಮುಂದೆ ಆದದ್ದಕ್ಕೆಲ್ಲ ನನ್ನದೂ ಒಂದು ಪಾಲಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಯಾಕೆಂದರೆ ಉತ್ತರ ನನ್ನ ಗಿರಣಿಯ ಎದುರಿಗೇ ನಿಲ್ಲುತ್ತಿತ್ತು. ಇಮಾಮಸಾಬರು ಟಾಕಿಯಿಂದ ಬಂದು ಬೇವಿನ ಗಿಡಕ್ಕೆ ಸೈಕಲ್ಲು ಆನಿಸಿ, ಒಂದು ಚಹಾ ಕುಡಿದು, ಆಮೇಲೆ ವಾಲ್ ತಿರುವಲು ಹೋಗುತ್ತಾರೆ. ಮುಂದೆ ಹೋಗುವ ಸಾಲಿನ ಕಡೆಗೆ ಸೈಕಲ್ಲಿನ ಮುಂದಿನ ಗಾಲಿ ಇರುತ್ತದೆ. ಗಿರಣಿ ಕಡೆಗೆ ಗಾಲಿ ಇದ್ದರೆ ಗಿರಣಿ ಸಾಲಿಗೆ ಅರ್ಧ ತಾಸಿನಲ್ಲಿ ನೀರು. ಗಿಡ ಬಿಟ್ಟು ಯಾವುದೋ ಸಾಲಿನ ಒಳಗೇ ಸೈಕಲ್ಲು ನಿಂತಿದ್ದರೆ ಆ ಸಾಲಿಗೆ ಈಗಲೇ ನೀರು. ಇದನ್ನು ಯಾರೂ ಠರಾವು ಮಾಡಿರಲಿಲ್ಲ. ಯಾರೂ ಒಬ್ಬರಿಗೊಬ್ಬರು ಹೇಳಿಯೂ ಇರಲಿಲ್ಲ. ಕಸ ಹೊಡೆಯುತ್ತ, ರೊಟ್ಟಿ ಬಡಿಯುತ್ತ ಕಣ್ಣು ಅತ್ತ ಹೋಗುತ್ತದೆ, ಕೈ ಕೊಡಕ್ಕೆ ಹೋಗುತ್ತದೆ. ಬಿಸಿಲು ಬಿದ್ದಿದೆ ಎಂದು ಯಾರಾದರೂ ಫಾರ್ಮಿನಲ್ಲಿ ತುಂಬಿಸುತ್ತಾರೆಯೇ?

ಪ್ರಬುದ್ಧ ಮೊದಲ ದಾರಿ ಹಿಡಿದ. ಇದ್ದದ್ದನ್ನು ಇದ್ದ ಹಾಗೆ ಇಳಿಸಬೇಕಾದರೆ ಇದ್ದದ್ದನ್ನು ಕಣ್ಣಾರೆ ನೋಡಬೇಕು. ಅದಕ್ಕೆ ಇಮಾಮಸಾಬರ ಬೆನ್ನು ಹತ್ತಿದ. ಹತ್ತುವ ಮೊದಲು ಒಂದು ಪುಣ್ಯದ ಕೆಲಸ ಮಾಡಿದ.

“ಚಾಚಾ, ಈ ವಯಸ್ಸಿನ್ಯಾಗ ಸೈಕಲ್ ಯಾಕ್ರಿ? ನಾ ಹೆಂಗೂ ನಿಮ್ಮ ಹಿಂದ ಬರಾಂವ. ನನ್ನ ಗಾಡಿ ಮ್ಯಾಲೆ ಕುಂದರ್ರಿ.” ಕಾಯದೆ ಪಾಲಿಸುವ ಹುಡುಗ, ಎರಡನೆಯ ಹೆಲ್ಮೆಟ್ಟನ್ನು ಅವರ ತಲೆಗೆ ಹಾಕಿದ.

ಸೈಕಲ್ಲು ಮನೆಯಲ್ಲಿ ಉಳಿಯಿತು. ಇಮಾಮಸಾಬರು ನಾಲ್ಕು ದಿನ, ವಾಲ್ ಚಾವಿಯನ್ನು ಗದೆಯ ಹಾಗೆ ಹೆಗಲಿಗೇರಿಸಿ, ಮುಖ ಕಾಣದಂಥ ಕರಿ ಹೆಲ್ಮೆಟ್ಟಿನಲ್ಲಿ ಓಣಿಯ ತುಂಬ ಓಡಾಡಿದರು. ಪಾಪ, ತಮ್ಮ ಸುದ್ದಿಯನ್ನು ಪ್ರತಿ ಸಾಲಿನಲ್ಲೂ ಒದರಿದರು, ಹೆಲ್ಮೆಟ್ಟಿನ ಒಳಗಿನಿಂದ.

ಮೂರೂ ಸಾಲಿಗೆ ನೀರು ಬಂತು, ಹೋಯಿತು. ಒಬ್ಬರೂ ತುಂಬಲಿಲ್ಲ. ತೆರೆದಿಟ್ಟ ನಳಗಳು ಗಟಾರಕ್ಕೆ ನೀರು ಕುಡಿಸಿದವು. ಎರಡನೆಯ ದಿನ ಕಾಶೀಂಬಿಯ ಮನೆಗೆ ಜನ ಬರತೊಡಗಿದರು. ಕೈಯಲ್ಲಿ ಬ್ರೆಡ್ಡು, ಬಿಸ್ಕಿಟ್ಟು, ಮೋಸಂಬಿ.

“ಚಾಚಾಗ ಹ್ಯಾಂಗದ, ಕಾಶೀಂಬಿ?”

“ಏನಾಗೇತಿ ಅವರಿಗೆ?”

“ಸೈಕಲ್ ಮನ್ಯಾಗ ನಿಂತೈತಲ್ಲ!”

“ಅವರು ಇಲ್ಲ, ಹೊರಗ ಹೋಗ್ಯಾರ.”

“ಸೈಕಲ್ ಬಿಟ್ಟ?” ರಾಜಮಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸಂಜೆಯ ಹೊತ್ತಿಗೆ, ಇಮಾಮಸಾಬರನ್ನು ಗದಗಿನ ದವಾಖಾನಿಗೆ ಒಯ್ದಿದ್ದಾರೆ, ಕಾಶೀಂಬಿ ಧೈರ್ಯ ಮಾಡಿ ಮುಚ್ಚಿಡುತ್ತಿದ್ದಾಳೆ ಎಂದು ಓಣಿಯಲ್ಲಿ ನಿಕ್ಕಿಯಾಯಿತು. ಗೌರವ್ವ ಅಳುತ್ತ ಅವರ ಗುಣ ವರ್ಣಿಸುತ್ತಿರುವಾಗಲೇ ಅವಳ ಸೋದರಳಿಯನ ಗಾಡಿ ಹಾದುಹೋಯಿತು. ಹಿಂದೆ ಕೂತ ಹೆಲ್ಮೆಟ್ಟು ಅವಳಿಗೆ ಕೈ ಬೀಸಿತು.

“ಅಂವ ಯಾಂವ ಬೇ, ಗದಾ ಹಿಡಕೊಂಡಾಂವ?” ಎಂದಳು ಗಾಳೆವ್ವ.

“ನರಗುಂದದ ಇನ್ನೊಬ್ಬ ಸಾಹೇಬ ಇರಬೇಕು” ಎಂದಳು ಗೌರವ್ವ, ಹೆಮ್ಮೆಯಿಂದ.

ಪ್ರಬುದ್ಧ ನೋಟ್‌ಬುಕ್ಕಿನಲ್ಲಿ ಬರೆದ: ‘ಹಳೆಯ ವ್ಯವಸ್ಥೆಯನ್ನು ನಾಲ್ಕು ದಿನ ಹತ್ತಿರದಿಂದ ನೋಡಿದೆ. ಅದು ಇಲ್ಲ.’ ಅಂದಾನೆಪ್ಪನಿಗೆ ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಇಡೀ ಓಣಿಯ ಡ್ರಮ್ಮುಗಳು ಅವನ ಡ್ರಮ್ಮಿನಷ್ಟೇ ಖಾಲಿಯಾಗಿದ್ದವು. “ನಾ ಹೇಳಿರಲಿಲ್ಲಾ? ಹುಡುಗ ಹುಷಾರದಾನ!” ಎಂದ.

ಮನೆಗೆ ಬಂದ ಬಿಸ್ಕಿಟ್ಟು ತಿಂದು ಮುಗಿಸಿದ ಮೇಲೆ ಕಾಶೀಂಬಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. “ಮಂದಿ ನಿಮ್ಮನ್ನ ಮಣ್ಣಿಗೆ ಕಳಿಸಿ ಬಂದಾರ, ನೀವು ಟೊಪಿಗಿ ಹಾಕ್ಕೊಂಡ ಮದಿಮಗನಂಗ ತಿರಗತೀರಿ! ನಾಳಿಂದ ನಿಮ್ಮ ಸೈಕಲ್ ನೀವು ಹೊಡೀರಿ.”

ಪ್ರಬುದ್ಧನಿಗೆ ಎರಡನೆಯ ದಾರಿ ಕಂಡಿತು. ಅಲ್ಲಲ್ಲಿ ರಿಪೇರಿ! ಸೈಕಲ್ಲಿನ ಚೈನು ಸಡಿಲು, ಬ್ರೇಕಿಲ್ಲ, ಸೀಟಿನಲ್ಲಿ ಸ್ಪ್ರಿಂಗು ಹೊರಗೆ. ಸುದ್ದಿ ನಿಧಾನವಾಗುವುದು ಇದರಿಂದಲೇ ಎಂದು ತರ್ಕಿಸಿದ. ಸೈಕಲ್ಲನ್ನು ಕೆಳಗಿನ ಸಾಲಿನ ಸಾಜೀದನ ರಿಪೇರಿ ಅಂಗಡಿಗೆ ಬಿಟ್ಟು, ಬಣ್ಣವನ್ನೂ ಹೊಡೆಯಲು ಹೇಳಿದ. ಸಾಜೀದ ಅದನ್ನು ಅಂಗಡಿಯ ಹೊರಗೆ ನಿಲ್ಲಿಸಿದ. ಸಾಮಾನು ಬರಬೇಕಾಗಿತ್ತು. ಮೂರು ದಿನ ನಿಂತಿತು.

ಕೆಳಗಿನ ಸಾಲಿನ ಜನ ಬಾಗಿಲಿನಿಂದ ಹಣಿಕಿದರು. ಸೈಕಲ್ಲು ತಮ್ಮ ಸಾಲಿನ ಒಳಗೇ ನಿಂತಿದೆ. ಕೊಡ, ಬಿಂದಿಗೆ, ಬಕೀಟು, ಬೋಗುಣಿ, ಕೊನೆಗೆ ಕೂಸಿನ ಸ್ನಾನದ ಟಬ್ಬೂ ಹೊರಬಂತು. ನಳ ‘ಸುಂಯ್’ ಎಂದಿತು, ಸುಮ್ಮನಾಯಿತು. ಜನ ಕೂತರು. ಸಂಜೆಯಾಯಿತು, ಸೈಕಲ್ಲು ಹಾಗೇ ಇದೆ. ಎದ್ದು ಹೋಗುವುದು ಹೇಗೆ? ಗಾದಿ ಹೊಲಿಯುವ ಇಸ್ಮಾಯಿಲಸಾಬ ಅರ್ಧ ಅರಳೆ ತುಂಬಿದ ಗಾದಿಯನ್ನು ನಳದ ಹತ್ತಿರವೇ ಹಾಸಿಕೊಂಡು ಅದರ ಮೇಲೆ ಕೂತ. ಅದು ಮದುವೆಯ ಗಾದಿ, ಮುಶಿಗೇರಿಯ ಬೀಗರು ಒಯ್ಯಲು ಬಂದವರು ಅದರ ಮೇಲೆಯೇ ಕೂತು ಚಹಾ ಕುಡಿದು ಹಾಗೇ ಹಿಂದಿರುಗಿದರು.

ಉಳಿದೆರಡು ಸಾಲಿನವರು ಬೇವಿನ ಗಿಡ ನೋಡಿದರು. ಸೈಕಲ್ಲಿಲ್ಲ. ಕೆಳಗಿನ ಸಾಲಿನತ್ತ ಹಣಿಕಿದರು. ಅಲ್ಲಿದೆ! ಮೂರು ದಿನದಿಂದ! ಎಲ್ಲ ಕೂಡಿ ಅಂದಾನೆಪ್ಪನ ಗೇಟಿಗೆ ಬಂದರು. ರಾಜಮಾ ಮುಂದಾಳು.

“ಏನ್ರಿ ಅಧ್ಯಕ್ಷರ, ಮೂರ ದಿನಾ ಒಂದ ಸಾಲಿಗೇ ನೀರ ಬಿಡೂದು ಯಾವ ನ್ಯಾಯ?”

ಕೆಳಗಿನ ಸಾಲಿನ ಇಸ್ಮಾಯಿಲಸಾಬ ಗಾದಿಯ ಅರಳೆ ಮೈಗೆ ಮೆತ್ತಿಕೊಂಡೇ ಓಡಿಬಂದ. “ಎಲ್ಲೀ ನೀರ ಬೇ? ಮೂರ ದಿನಾ ಆತು, ಒಣಾ ನಳದ ಮಾರಿ ನೋಡಕೋಂತ ಕುಂತೇವಿ!”

“ಮತ್ತ ಕೊಡಾ ಹೊರಗ ಯಾಕ ಇಟ್ಟೀರಿ?”

“ನೀರ ಬರತಾವಂತ!”

ಅಂದಾನೆಪ್ಪ ಎರಡೂ ಕೈ ಎತ್ತಿದ. “ಯಾರ ಹೇಳಿದರು ನಿಮಗ ಬರತಾವಂತ?”

“ಯಾರ ಹೇಳಬೇಕ್ರಿ!” ಎಂದು ಎರಡೂ ಪಕ್ಷದವರು ಒಟ್ಟಿಗೆ ಒದರಿದರು. ಆ ಒಂದು ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಪ್ರಬುದ್ಧ ಮೂಲೆಯಲ್ಲಿ ನಿಂತು ‘ಸುಳ್ಳು ಸುದ್ದಿಯ ಹಾವಳಿ ಬಹಳ’ ಎಂದು ಬರೆಯುತ್ತಿದ್ದ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಶ್ವೇತಾ ಕೆಳಗೆ ನೋಡಿ ಕೇಳಿದಳು:

“ಸರ, ಒಂದ ಮಾತ ಕೇಳಲೇನ್ರಿ? ನೀವು ಎಲ್ಲಾರನೂ ಕೇಳೀರಿ. ಅವರ ಎತ್ತಾಗ ನೋಡತಾರ ಅಂತ ನೋಡೀರೇನು?”

ಪ್ರಬುದ್ಧ ಮೇಲೆ ನೋಡಿದ. ಆಕೆಯ ಮುಖ ಕಂಡಿತು, ಪ್ರಶ್ನೆ ಮರೆತುಹೋಯಿತು.

ಉಳಿದದ್ದು ಮೂರನೆಯ ದಾರಿ. ಬುಡಸಮೇತ ಕೀಳುವುದು. ಹದಿನಾಲ್ಕನೆಯ ದಿನ, ಭಾನುವಾರ. ನೂರಾ ಹನ್ನೆರಡು ಮನೆಯ ಫೋನ್ ನಂಬರು ಕಂಪ್ಯೂಟರಿನಲ್ಲಿ ಕೂಡಿದ್ದವು. ಇಮಾಮಸಾಬರನ್ನು ಕೇಳಿಕೊಂಡಿದ್ದ, ಅವತ್ತು ಗಿರಣಿ ಸಾಲಿನ ಸರದಿ. ಮುಂಜಾನೆ ಪ್ರಬುದ್ಧ ಮೋಟರ್‌ಸೈಕಲ್ಲನ್ನು ಅಂದಾನೆಪ್ಪನ ಗೇಟಿಗೆ ನಿಲ್ಲಿಸಿ ಒಳಗೆ ಹೋಗಿ, ಶುಭಕಾರ್ಯಕ್ಕೆ ಮುನ್ನ ಎಂದು ಒಂದು ಪ್ಲೇಟು ಚೂಡಾ ತಿಂದು, ಎಲ್ಲರ ಎದುರಿಗೆ ಗುಂಡಿ ಒತ್ತಿದ. ಅಂದಾನೆಪ್ಪನ ಫೋನು ಕಿಣಿಕಿಣಿ ಎಂದಿತು. ‘ಮಾನ್ಯ ಗ್ರಾಹಕರೇ, ಇಂದು 10 ಗಂಟೆಗೆ ಗಿರಣಿ ಸಾಲಿನಲ್ಲಿ ನೀರು ಲಭ್ಯವಿರುತ್ತದೆ.’

“ಬಂತು!” ಎಂದು ಅಂದಾನೆಪ್ಪ ಕುಣಿಯುವುದೊಂದು ಬಾಕಿ.

“ಓಣಿಗೆಲ್ಲಾ ಮುಟ್ಟೇತೇನ ನೋಡ್ಕೊಂಡ ಬರತೇನ್ರಿ” ಎಂದು ಪ್ರಬುದ್ಧ ಹೊರಬಿದ್ದ.

ಮುಟ್ಟಿತ್ತು. ನನ್ನ ಫೋನಿಗೂ ಬಂದಿತ್ತು. ‘ಮಾನ್ಯ ಗ್ರಾಹಕರೇ’ ಎಂದು ಶುರುವಾದದ್ದನ್ನು ನಾನು ಮುಂದೆ ಓದುವುದಿಲ್ಲ, ಅಳಿಸಿದೆ. ರಾಜಮಾ, ಸಾಲ ಕೊಡುವ ಕಂಪನಿಯವರು ಎಂದು ಫೋನನ್ನು ಅಕ್ಕಿ ಡಬ್ಬಿಯಲ್ಲಿಟ್ಟಳು. ಯಾರೂ ಕೊಡ ಮುಟ್ಟಲಿಲ್ಲ.

ಸಣ್ಣ ಸಣ್ಣ ಸಂದಿಗಳಿಗೆ ಮೋಟರ್‌ಸೈಕಲ್ಲು ಸರಿಯಲ್ಲವೆಂದು ಪ್ರಬುದ್ಧ ಸಾಜೀದನ ಅಂಗಡಿಗೆ ನಡೆದು ಹೋದ. ಇಮಾಮಸಾಬರ ಸೈಕಲ್ಲು ತಯಾರಾಗಿತ್ತು. ಕಡುನೀಲಿ ಬಣ್ಣ, ಹೊಸ ಬೆಲ್ಲು. ಅದನ್ನು ಏರಿ ಹೊರಟ.

ಬಣ್ಣ ಬದಲಾದರೇನು, ನಮ್ಮ ಓಣಿಯ ಹೆಂಗಸರು ಆ ಸೈಕಲ್ಲನ್ನು ಜಾತ್ರೆಯ ಸಾವಿರ ಸೈಕಲ್ಲಿನಲ್ಲಿ ಗುರುತು ಹಿಡಿದಾರು. ಕೆಳಗಿನ ಸಾಲಿಗೆ ಬಂದ, ಕೊಡಗಳು ಹೊರಬಂದವು. ನಿಲ್ಲದೆ ಮ್ಯಾಲಿನ ಸಾಲಿಗೆ ಹೋದ. ಅಲ್ಲಿಯೂ ಬಂದವು. ಸೈಕಲ್ಲು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀರು ಎಂದು ತಿಳಿದು ಜನ ಹಿಂದೆ ಹೊರಟರು. ಹದಿನಾಲ್ಕು ದಿನದ ದಾಹ ಅದು! ತಾಮ್ರದ ಕೊಡ, ಪ್ಲಾಸ್ಟಿಕ್ ಕೊಡ, ಇಬ್ಬರು ಹಿಡಿದ ಹಂಡೆ, ಇಸ್ಮಾಯಿಲಸಾಬನ ತಲೆಯ ಮೇಲೆ ಬೋರಲು ಡ್ರಮ್ಮು.

ಪ್ರಬುದ್ಧ ಹೊರಳಿ ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಮೆಸೇಜು ಓದಿ ಜನ ಎದ್ದಿದ್ದಾರೆ! ಒಬ್ಬರೂ ಬಿಟ್ಟಿಲ್ಲ! ಬೆಲ್ಲು ಬಾರಿಸುತ್ತ, ನನ್ನ ಗಿರಣಿ ದಾಟಿ, ಸೀದಾ ಅಂದಾನೆಪ್ಪನ ಗೇಟಿಗೆ ಹೋಗಿ, ತನ್ನ ಮೋಟರ್‌ಸೈಕಲ್ಲಿನ ಬಾಜೂ ಸೈಕಲ್ಲು ನಿಲ್ಲಿಸಿ ಒಳಗೆ ಓಡಿದ.

“ಮಾವಾ, ಬರ್ರಿ! ನೂರಕ್ಕ ನೂರು! ಹೊಸಾ ವ್ಯವಸ್ಥಾ ಹತ್ತಿತು!”

ಇನ್ನೂ ಆಗದ ಮಾವ ಹೊರಗೆ ಬಂದ. ಗೇಟು ತೆರೆದ. ಮೂರೂ ಸಾಲಿನ ಜನ, ಕೊಡಸಮೇತ, ಗೇಟಿನಿಂದ ಒಳಗೆ ನುಗ್ಗಿದರು. ಬೇವಿನ ಸಸಿಯ ಕುಂಡ ಉರುಳಿತು.

“ಏನಿದು? ಇಲ್ಲ್ಯಾಕ ಬಂದೀರಿ?”

“ನೀರಿಗ್ರಿ!” ಎಂದಳು ರಾಜಮಾ. “ಇಲ್ಲೇ ಬಿಡತೀರೆಲ್ಲಾ?”

“ಮೆಸೇಜ್ ಓದೀರಿಲ್ಲೋ? ಗಿರಣಿ ಸಾಲಿನ ನಳಕ್ಕ ಅಂತ ಐತಿ!” ಎಂದ ಪ್ರಬುದ್ಧ.

“ಯಾ ಮೆಸೇಜ?”

“ಮತ್ತ ನಿಮಗ ಯಾರ ಹೇಳಿದರ್ರಿ?”

ಗಾಳೆವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮಾತು ಬಾಯಿಬಿಟ್ಟು ಹೊರಗೆ ಬಂತು.

“ಯಾರ ಹೇಳಬೇಕೋ ಹುಚ್ಚಪ್ಪಾ? ಸೈಕಲ್ ನಿಂತೈತಲ್ಲ!”

ಎಲ್ಲರೂ ಸೈಕಲ್ಲು ನೋಡಿದರು. ಜನರ ಹಿಂದಿನಿಂದ, ವಾಲ್ ಚಾವಿ ಹಿಡಿದು ನಡೆದು ಬಂದಿದ್ದ ಇಮಾಮಸಾಬರು ಎಲ್ಲರಿಗಿಂತ ಹೆಚ್ಚು ಬೆರಗಾಗಿ ಕೇಳಿದರು: “ನನ್ನ ಸೈಕಲ್ಲಾ? ಹಂಗಾದರ ನಾ ಒದರೂದು?”

ಜನ ತಂತಮ್ಮ ಕೊಡದೊಳಗೆ ಹಣಿಕಿದರು. ಕಡೆಗೆ ಕಾಶೀಂಬಿ ಮೆಲ್ಲಗೆ, “ಅದೂ ಕೇಳತೈತ್ರಿ, ಅದೂ ಕೇಳತೈತಿ” ಎಂದಳು. ಅಷ್ಟು ಒಳ್ಳೆಯ ಸುಳ್ಳನ್ನು ನಾನು ಆಮೇಲೆ ಕೇಳಿಲ್ಲ.

ಪ್ರಬುದ್ಧ ಸೈಕಲ್ಲಿನ ಗಾಲಿ ನೋಡಿದ. ಬೇವಿನ ಗಿಡದ ಕಡೆ ನೋಡಿದ. ಆಮೇಲೆ ಏನೂ ಬರೆದುಕೊಳ್ಳದೆ ಅಂಗಳದೊಳಗೆ ಹೋದ. ಕಳಕವ್ವ ಪಾತ್ರೆ ತಿಕ್ಕುವ ಕಲ್ಲಿನ ಹತ್ತಿರ ನಿಂತ. ಮೊಣಕಾಲು ಬಗ್ಗಿಸಿ ಆಕೆಯಷ್ಟೇ ಎತ್ತರವಾದ. ನೋಡಿದ. ಎದುರಿಗೆ ಗೋಡೆ.

“ಅತ್ತೀ, ನೀವು ಹೇಳಿದ್ದು ಈ ಗಿಡಾ ಅಲ್ಲ, ಆ ಗಿಡಾ.”

“ಎರಡ ವರ್ಷದಿಂದ” ಎಂದಳು ಕಳಕವ್ವ.

“ಮಾವಾ, ಈ ಗ್ವಾಡ್ಯಾಗ ಇಲ್ಲೆ ನಾಕ ಇಟ್ಟಂಗಿ ತಗಸ್ರಿ. ಮುಗೀತು.”

ಅಂದಾನೆಪ್ಪನ ಮುಖ ಕೆಂಪಾಯಿತು. ಅವನ ಗೋಡೆ! “ಕಂಪ್ಯೂಟರ ಎಲ್ಲಿ ಬಂತು ಇದರಾಗ?”

“ಬೇಕಾಗಿಲ್ರಿ.”

“ಹಂಗಾದರ ನೀವೂ ಬೇಕಾಗಿಲ್ಲಲ್ಲ!”

ಪ್ರಬುದ್ಧ ತಲೆ ತಗ್ಗಿಸಿದ. “ಖರೇ ಹೇಳತೇನ್ರಿ. ನಾ ಅನಾಲಿಸ್ಟ ಅಲ್ರಿ. ನರಗುಂದದಾಗ ಝೆರಾಕ್ಸ್ ಅಂಗಡಿ ಐತಿ. ಗಾಜ ಚಲೋ ಅಂಟಸತೇನಿ.”

ಗೌರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಳಕವ್ವ ಮಾತ್ರ, “ಝೆರಾಕ್ಸಿಗೆ ದಿನಾ ಮಂದಿ ಬರತಾರ. ಚಲೋ ಧಂದೆ” ಎಂದಳು. ಅಂದಾನೆಪ್ಪ ಗಂಟಲು ಸರಿಮಾಡಿಕೊಂಡ. “ಎರಡ ದಿನಾ ವಿಚಾರ ಮಾಡಿ ಹೇಳತೇವಿ.” ನಮ್ಮ ಕಡೆ ಇದಕ್ಕೆ ಏನರ್ಥ ಎಂದು ಮದುವೆಯಾಗದ ಗಂಡಸರೆಲ್ಲರಿಗೂ ಗೊತ್ತು.

ಪ್ರಬುದ್ಧ ಹೊರಗೆ ಬಂದು ಜೇಬು ತಡವಿದ. ಗಾಡಿಯ ಚಾವಿ ಇಲ್ಲ. ಚೂಡಾದ ಪ್ಲೇಟಿನ ಬಾಜೂ ಬಿಟ್ಟಿದ್ದ. ಮರಳಿ ಒಳಗೆ ಹೋಗುವ ಮುಖವಿರಲಿಲ್ಲ. ಗೌರವ್ವ ಅವನ ಚೀಲ ಕೈಗೆ ಕೊಟ್ಟು ರೋಣದ ಬಸ್ಸು ಹತ್ತಿಸಿದಳು, ಅಲ್ಲಿಂದ ನರಗುಂದ.

ಮೋಟರ್‌ಸೈಕಲ್ಲು ಅಂದಾನೆಪ್ಪನ ಗೇಟಿಗೇ ನಿಂತಿತು. ಮುಂದಿನ ಗಾಲಿ ಮನೆಯ ಕಡೆಗೆ.

ಸೋಮವಾರ ಕಸ ಹೊಡೆಯುವಾಗ ರಾಜಮಾ ನೋಡಿದಳು. ಮಂಗಳವಾರ ಇಸ್ಮಾಯಿಲಸಾಬ ನೋಡಿ, ಗಾದಿ ಎಷ್ಟು ಫೂಟಿನದು ಇರಲಿ ಎಂದು ಗೌರವ್ವನನ್ನು ಕೇಳಿ ಬಂದ. ಬುಧವಾರ ಅಂದಾನೆಪ್ಪ ಉಳ್ಳಾಗಡ್ಡಿಯ ಸಲುವಾಗಿ ಅಬ್ಬಿಗೇರಿಗೆ ಹೋದರೆ ಅಲ್ಲಿಯ ವ್ಯಾಪಾರಿಗಳು ಕೈಕುಲುಕಿದರು. “ಅಳಿಯಂದ್ರು ನರಗುಂದದವರಂತಲ್ರಿ! ಸಕ್ರಿ ಯಾವಾಗ?”

ಮನೆಗೆ ಬಂದವನೇ ಬೇವಿನ ಗಿಡದ ಕೆಳಗೆ ನಿಂತು ಗುಡುಗಿದ: “ನಾ ಇನ್ನೂ ವಿಚಾರ ಮಾಡಾಕತ್ತೇನಿ! ಊರ ಮಂದಿಗೆಲ್ಲಾ ಯಾರ ಹೇಳಿದರು?”

ಗಾಳೆವ್ವ ಹುರಿಗಡಲೆ ಅಳೆಯುತ್ತ, ತಲೆ ಎತ್ತದೆ ಹೇಳಿದಳು: “ಯಾರ ಹೇಳಬೇಕೋ ಅಂದಾನೆಪ್ಪಾ? ಗಾಡಿ ನಿಂತೈತಲ್ಲ, ಮೂರ ದಿನದಿಂದ.”

ಅಂದಾನೆಪ್ಪ ತನ್ನ ಮನೆಯ ಕಡೆ ಹೊರಳಿದ. ಮಾಳಿಗೆಯ ಮೇಲೆ ಶ್ವೇತಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವಳ ಬೆರಳಿನಲ್ಲಿ ಒಂದು ಚಾವಿಯ ಗೊಂಚಲು ತೂಗಾಡುತ್ತಿತ್ತು. ಕೆಳಗೆ ಗೋಡೆಯಲ್ಲಿ ನಾಲ್ಕು ಇಟ್ಟಂಗಿಯಷ್ಟು ಕಂಡಿ ಬಿದ್ದಿತ್ತು, ಅದರ ಹಿಂದೆ ಕಳಕವ್ವನ ಎರಡು ಕಣ್ಣು. ಇಟ್ಟಂಗಿ ಕಿತ್ತ ಹಾರೆ ಇನ್ನೂ ಗೋಡೆಗೆ ಆನಿಸಿಯೇ ಇತ್ತು.

“ಸಕ್ರಿ ತಗೊಂಡ ಬಾ” ಎಂದ ಅಂದಾನೆಪ್ಪ, ಸಣ್ಣ ದನಿಯಲ್ಲಿ.

“ತಂದೇನಿ” ಎಂದಿತು ಕಂಡಿ.

ಗುರುವಾರ ಪ್ರಬುದ್ಧ ಹೆದರುತ್ತ ಹೆದರುತ್ತ ಬಸ್ಸಿನಿಂದ ಇಳಿದು ಬಂದ. ಅವನಿಗೆ ಯಾರೂ ಏನೂ ತಿಳಿಸಿರಲಿಲ್ಲ. ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಓಣಿಯ ಜನ ಹೊಸ ಸೀರೆ, ಹೊಸ ಧೋತರ ಉಟ್ಟು ಗೇಟಿನ ಮುಂದೆ ನಿಂತಿದ್ದರು. ಇಮಾಮಸಾಬರು ನೀಲಿ ಸೈಕಲ್ಲನ್ನು ಮೋಟರ್‌ಸೈಕಲ್ಲಿನ ಬಾಜೂ ನಿಲ್ಲಿಸಿ, ಗಂಟಲು ಬಿರಿಯುವಂತೆ ಏನೋ ಒದರುತ್ತಿದ್ದರು. ಎಲ್ಲರೂ ಕೇಳಿಸಿತೆಂಬಂತೆ ತಲೆಯಾಡಿಸುತ್ತಿದ್ದರು.

“ಗಾಡಿ ಒಯ್ಯಾಕ ಬಂದೇನ್ರಿ, ಚಾವಿ ಒಂದ...” ಎಂದು ಪ್ರಬುದ್ಧ ಬಾಯಿ ತೆರೆದ. ಮಾತು ಮುಗಿಯುವುದರೊಳಗೆ ಕಳಕವ್ವ ಆ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು.